ವಿನ್ಯಾಸ ಶಿಕ್ಷಣ ಮತ್ತು ವೃತ್ತಿ: ಬೆಳಗಾವಿ–ಮಚ್ಛೆ–ಖಾನಾಪುರ ವಲಯ

ಒಂದು ವಸ್ತು, ಉಡುಪು, ಪುಸ್ತಕ ಅಥವಾ ಮೊಬೈಲ್ ಆ್ಯಪ್ ತಯಾರಾಗುವ ಮೊದಲೇ ಅದು ಹೇಗಿರಬೇಕು, ಯಾರ ಕೈಗೆ ಹೇಗೆ ಒದಗಬೇಕು, ಯಾವ ಸಾಮಗ್ರಿಯಲ್ಲಿ ಎಷ್ಟು ಖರ್ಚಿನಲ್ಲಿ ಆಗಬೇಕು ಎಂದು ನಿರ್ಧರಿಸುವ ವಿದ್ಯೆಗೆ ವಿನ್ಯಾಸ ಅಥವಾ ಡಿಸೈನ್ ಎಂದು ಹೆಸರು. ಪಿಯುಸಿ ಮುಗಿಸಿದವರ ನಡುವೆ ಈ ವಿದ್ಯೆಯೆಂದರೆ ಫ್ಯಾಷನ್ ಇಲ್ಲವೇ ಚಿತ್ರಕಲೆ, ಅದಕ್ಕೆ ತಕ್ಕ ಊರೆಂದರೆ ಬೆಂಗಳೂರು ಎಂಬ ತಿಳಿವಳಿಕೆ ಬಲವಾಗಿದೆ. ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ರಸ್ತೆ ಈ ತಿಳಿವಳಿಕೆಯನ್ನು ತಿದ್ದುತ್ತದೆ. ಉದ್ಯಮಬಾಗ್ ಮತ್ತು ಮಚ್ಛೆಯ ಫೌಂಡ್ರಿಗಳು, ಮಷಿನ್ ಶಾಪ್‌ಗಳು, ಹೈಡ್ರಾಲಿಕ್ ಕಾರ್ಖಾನೆಗಳು, ಖಾನಾಪುರದ ಕುಂಬಾರಿಕೆ, ಶಹಾಪುರ–ವಡಗಾವಿಯ ಮಗ್ಗಗಳು ಇವೆಲ್ಲ ವಿನ್ಯಾಸದ ನಿರ್ಧಾರಗಳು ಪ್ರತಿದಿನ ಪರೀಕ್ಷೆಗೆ ಒಳಗಾಗುವ ಜಾಗಗಳು. ಸಾಮಗ್ರಿಯ ಸಾಮೀಪ್ಯವೇ ಈ ವಲಯದ ವಿದ್ಯಾರ್ಥಿಗೆ ಇರುವ ದೊಡ್ಡ ಅನುಕೂಲ ಎನ್ನಬಹುದು.

ಹಿನ್ನೆಲೆ

ಭಾರತದಲ್ಲಿ ಆಧುನಿಕ ವಿನ್ಯಾಸ ಶಿಕ್ಷಣ ಶುರುವಾದದ್ದೇ ದಿನಬಳಕೆಯ ಪಾತ್ರೆಯೊಂದನ್ನು ಕೊಂಡಾಡುತ್ತ. ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1958ರಲ್ಲಿ ಕೇಂದ್ರ ಸರ್ಕಾರಕ್ಕೆ ಕೊಟ್ಟ ವರದಿಯಲ್ಲಿ ನೀರಿನ ತಂಬಿಗೆಯನ್ನೇ ಉತ್ತಮ ವಿನ್ಯಾಸದ ಮಾದರಿಯಾಗಿ ಎತ್ತಿ ಹೇಳಿದರು: ಎಷ್ಟು ನೀರು ಹಿಡಿಯಬೇಕು, ಸೊಂಟದ ಮೇಲೆ ಹೇಗೆ ಕೂರಬೇಕು, ಹೇಗೆ ಬಗ್ಗಿಸಬೇಕು, ಹೇಗೆ ತೊಳೆಯಬೇಕು ಎಂಬ ಪ್ರಶ್ನೆಗಳಿಗೆ ತಲೆಮಾರುಗಳು ಕೊಟ್ಟ ಉತ್ತರ ಅದು. ಆ ವರದಿಯ ಬೆನ್ನಿಗೆ 1961ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ (ಎನ್‌ಐಡಿ) ಹುಟ್ಟಿತು. 1969ರಲ್ಲಿ ಮುಂಬಯಿ ಐಐಟಿಯ ಕೈಗಾರಿಕಾ ವಿನ್ಯಾಸ ಕೇಂದ್ರ, 1998ರಲ್ಲಿ ಗುವಾಹಟಿ ಐಐಟಿಯ ಬಿ.ಡಿಸೈನ್ ಪದವಿ ಬಂದವು. ಕರ್ನಾಟಕದಲ್ಲಿ ಬೆಂಗಳೂರಿನ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ (ನಿಫ್ಟ್), ಭಾರತೀಯ ವಿಜ್ಞಾನ ಸಂಸ್ಥೆಯ ಉತ್ಪನ್ನ ವಿನ್ಯಾಸ ವಿಭಾಗ, ಎನ್‌ಐಡಿಯ ಬೆಂಗಳೂರು ಕ್ಯಾಂಪಸ್ ಮುಖ್ಯವಾದವು. ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆ ಇದೆ. ವಿನ್ಯಾಸದ ಚರ್ಚೆಯಲ್ಲಿ ಅದರ ಹೆಸರು ಬರುವುದು ಅಪರೂಪ, ಬರಬೇಕಾದದ್ದು.

ಕುಗ್ಗುವಿಕೆಯ ಲೆಕ್ಕ

ಫೌಂಡ್ರಿಗೆ ಬಂದ ಡ್ರಾಯಿಂಗಿನ ಅಳತೆಯಲ್ಲೇ ಪ್ಯಾಟರ್ನ್ (ಮರಳಿನಲ್ಲಿ ಅಚ್ಚು ಮೂಡಿಸುವ ಮಾದರಿ) ಮಾಡುವ ಹಾಗಿಲ್ಲ. ಬೀಡುಕಬ್ಬಿಣ ಅಚ್ಚಿನಲ್ಲಿ ಗಟ್ಟಿಯಾಗಿ ಆರುವಾಗ ಸುಮಾರು ಶೇ. 1ರಷ್ಟು, ಉಕ್ಕು ಸುಮಾರು ಶೇ. 2ರಷ್ಟು ಕುಗ್ಗುತ್ತದೆ. 300 ಮಿ.ಮೀ. ಉದ್ದದ ಬೀಡಿನ ಭಾಗ ಬೇಕಿದ್ದರೆ ಪ್ಯಾಟರ್ನ್ ಸುಮಾರು 303 ಮಿ.ಮೀ. ಇರಬೇಕು. ಮರಳು ಉದುರದಂತೆ ಪ್ಯಾಟರ್ನನ್ನು ಮೇಲೆತ್ತಲು ನೇರ ಗೋಡೆಗೆ ಒಂದೆರಡು ಡಿಗ್ರಿ ಓರೆ ಕೊಡಬೇಕು. ಮಷಿನಿಂಗ್ ಆಗುವ ಮುಖಗಳಲ್ಲಿ ಲೋಹ ಹೆಚ್ಚಿಗೆ ಬಿಡಬೇಕು. ಒಳಗಿನ ಪೊಳ್ಳಿಗೆ ಬೇರೆ ಕೋರ್ (ಅಚ್ಚಿನೊಳಗೆ ಇಡುವ ತಿರುಳು) ಮಾಡಿ ಅದು ಕೂರಲು ಜಾಗ ಯೋಚಿಸಬೇಕು. ತೆಳು ಗೋಡೆಗೆ ದಪ್ಪ ಗೋಡೆ ಸೇರುವಲ್ಲಿ ಲೋಹ ತಡವಾಗಿ ಆರಿ ಒಳಗೆ ಟೊಳ್ಳು ಬೀಳುತ್ತದೆ, ಒಳಮೂಲೆ ಚೂಪಾಗಿದ್ದರೆ ಬಿರುಕು ಬಿಡುತ್ತದೆ. ಇವುಗಳಲ್ಲಿ ಅರ್ಧ ತೊಂದರೆ ಫೌಂಡ್ರಿಯಲ್ಲಿ ಹುಟ್ಟುವುದೇ ಇಲ್ಲ. ಕ್ಯಾಡ್ ತೆರೆಯ ಮುಂದೆ ಕೂತವರು ಗೋಡೆಯ ದಪ್ಪ ಗೊತ್ತುಮಾಡಿದ ಗಳಿಗೆಯಲ್ಲೇ ಹುಟ್ಟಿರುತ್ತದೆ. ಖಾನಾಪುರದ ತಿಗರಿಯ ಮೇಲೂ ಇದೇ ಲೆಕ್ಕ, ಇನ್ನೂ ದೊಡ್ಡ ಪ್ರಮಾಣದಲ್ಲಿ: ಒಣಗಿ ಸುಡುವಷ್ಟರಲ್ಲಿ ಜೇಡಿಮಣ್ಣು ಮಣ್ಣಿನ ಗುಣಕ್ಕೆ ತಕ್ಕಂತೆ ಶೇ. 10ರ ಆಸುಪಾಸು ಕುಗ್ಗುವುದುಂಟು. ಆದ್ದರಿಂದ ಮುಚ್ಚಳವನ್ನು ಅದೇ ಮಣ್ಣಿನಲ್ಲಿ, ಹಸಿ ಗಡಿಗೆಯ ಬಾಯಿಗೆ ಅಳೆದೇ ಮಾಡಬೇಕು. ಒಣಗಿದ ಗಡಿಗೆಗೆ ಹಸಿ ಮುಚ್ಚಳ ಅಳೆದರೆ ಸುಟ್ಟ ಮೇಲೆ ಅದು ಒಳಗೆ ಬೀಳುತ್ತದೆ. ಸಾಮಗ್ರಿ ಮುಂದೆ ಏನಾಗುತ್ತದೆಂದು ಊಹಿಸಿ ಈಗಲೇ ಆಕಾರ ಕೊಡುವ ಈ ಅಭ್ಯಾಸವನ್ನು ತರಗತಿಯ ಥರ್ಮೋಕೋಲ್ ಮಾದರಿ ಕಲಿಸಲಾರದು.

ಆಕ್ಷೇಪ ಮತ್ತು ಉತ್ತರ

ಇಲ್ಲಿಯ ಕಾರ್ಖಾನೆಗಳು ಬಹುಪಾಲು ಜಾಬ್‌ವರ್ಕ್ ಮಾಡುತ್ತವೆ, ಡ್ರಾಯಿಂಗ್ ಪುಣೆಯಿಂದಲೋ ಚೆನ್ನೈಯಿಂದಲೋ ಬರುತ್ತದೆ, ಡಿಸೈನ್ ಓದಿದವರಿಗೆ ಇಲ್ಲೇನು ಕೆಲಸ ಎಂಬ ಆಕ್ಷೇಪ ಹಗುರವಾದದ್ದಲ್ಲ. ಸಣ್ಣ ಘಟಕಗಳಲ್ಲಿ ಡಿಸೈನರ್ ಎಂಬ ಹುದ್ದೆಯೇ ಇರುವುದಿಲ್ಲ. ಪ್ಯಾಟರ್ನ್, ಕೆಲಸದ ತುಂಡನ್ನು ಹಿಡಿದಿಡುವ ಜಿಗ್, ಫಿಕ್ಸ್‌ಚರ್‌ಗಳ ನಿರ್ಧಾರ ಮಾಲೀಕರದ್ದೋ ಹಿರಿಯ ಮೇಸ್ತ್ರಿಯದ್ದೋ ಆಗಿರುತ್ತದೆ. ಆದರೆ ಮಚ್ಛೆಯಲ್ಲೇ 1981ರಲ್ಲಿ ಆರಂಭವಾದ ಪಾಲಿಹೈಡ್ರಾನ್ ಸ್ವಂತ ಹೆಸರಿನಲ್ಲಿ ಹೈಡ್ರಾಲಿಕ್ ಪಂಪು, ವಾಲ್ವುಗಳನ್ನು ಮಾರಿ ಬೆಳೆದಿದೆ. ಹತ್ತರಗಿಯ ಏಕಸ್ ವಿಶೇಷ ಆರ್ಥಿಕ ವಲಯದಲ್ಲಿ ವಿಮಾನದ ಭಾಗಗಳು ತಯಾರಾಗುತ್ತವೆ. ಸ್ವಂತ ಉತ್ಪನ್ನಕ್ಕೆ ಕೈಹಾಕಿದ ದಿನ ಘಟಕಕ್ಕೆ ಬಳಸುವವರ ಅಗತ್ಯ, ಹಿಡಿತ, ದುರಸ್ತಿ, ಪ್ಯಾಕಿಂಗ್ ಎಲ್ಲವನ್ನೂ ಯೋಚಿಸುವವರು ಬೇಕಾಗುತ್ತಾರೆ. ಪರರ ಡ್ರಾಯಿಂಗಿಗೆ ದುಡಿಯುವ ಘಟಕದಲ್ಲೂ ಅದನ್ನು ಎರಕಕ್ಕೆ ಒಗ್ಗುವಂತೆ ತಿದ್ದಿ ತೋರಿಸುವವರಿಗೆ ಬೆಲೆಯಿದೆ.

ದಾರಿಗಳು

ಪಿಯುಸಿಯ ಯಾವ ವಿಭಾಗದಲ್ಲಿ ಓದಿದ್ದರೂ ನಾಲ್ಕು ವರ್ಷದ ಬಿ.ಡಿಸೈನ್‌ಗೆ ಪ್ರಯತ್ನಿಸಬಹುದು. ಐಐಟಿಗಳಿಗೆ 2015ರಿಂದ ನಡೆಯುತ್ತಿರುವ ಯುಸೀಡ್ ಎಂಬ ಪರೀಕ್ಷೆಯಿದೆ, ಎನ್‌ಐಡಿ ಮತ್ತು ನಿಫ್ಟ್‌ಗಳಿಗೆ ಬೇರೆ ಪ್ರವೇಶ ಪರೀಕ್ಷೆಗಳಿವೆ. ಇವು ರೇಖಾಚಿತ್ರದ ಜೊತೆಗೆ ಗಮನಿಸುವ ಶಕ್ತಿಯನ್ನೂ ಅಳೆಯುತ್ತವೆ. ಪ್ರಶ್ನೆಪತ್ರಿಕೆಗಳು ಕನ್ನಡದಲ್ಲಿ ಬರುವುದಿಲ್ಲ. ಕನ್ನಡ, ಮರಾಠಿ ಮಾಧ್ಯಮದ ಮಕ್ಕಳಿಗೆ ನಿಜವಾದ ಅಡ್ಡಿ ಇದೇ, ಪ್ರತಿಭೆಯ ಕೊರತೆಯಲ್ಲ. ಎಸ್‌ಎಸ್‌ಎಲ್‌ಸಿ ನಂತರದ ದಾರಿಯನ್ನು ಕೀಳೆಂದು ಬಗೆಯಬಾರದು: ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ (ಜಿಟಿಟಿಸಿ) ಬೆಳಗಾವಿ ಶಾಖೆಯಲ್ಲಿ ಟೂಲ್ ಅಂಡ್ ಡೈ ಡಿಪ್ಲೊಮಾ ಓದಿದವರು ಟೂಲ್ ಡಿಸೈನ್‌ಗೆ ನೇರವಾಗಿ ಹೋಗುತ್ತಾರೆ. ಕಟ್ಟಡ ವಿನ್ಯಾಸಕ್ಕೆ ಉದ್ಯಮಬಾಗಿನ ಗೋಗಟೆ ತಾಂತ್ರಿಕ ಸಂಸ್ಥೆಯಲ್ಲಿ ಐದು ವರ್ಷದ ಬಿ.ಆರ್ಕ್ ಇದೆ. ಗ್ರಾಫಿಕ್ ಮತ್ತು ಆ್ಯಪ್ ವಿನ್ಯಾಸದ ಕೆಲಸಗಳು ಸದ್ಯ ಹೆಚ್ಚಾಗಿ ಬೆಂಗಳೂರು, ಪುಣೆಗಳಲ್ಲಿವೆ.

ಸ್ವತಂತ್ರವಾಗಿ ದುಡಿಯುವವರು 2000ದ ವಿನ್ಯಾಸ ಕಾಯ್ದೆಯನ್ನು ತಿಳಿದಿರಬೇಕು. ಅದು ರಕ್ಷಿಸುವುದು ವಸ್ತುವಿನ ಹೊರರೂಪವನ್ನು, ಕೆಲಸ ಮಾಡುವ ತಂತ್ರವನ್ನಲ್ಲ. ನೋಂದಣಿ 10 ವರ್ಷಕ್ಕೆ ಸಿಗುತ್ತದೆ, ಇನ್ನು 5 ವರ್ಷ ವಿಸ್ತರಿಸಬಹುದು. ಅರ್ಜಿ ಹಾಕುವ ಮೊದಲೇ ವಸ್ತು ಮಾರುಕಟ್ಟೆಗೆ ಬಂದಿದ್ದರೆ ಸಾಮಾನ್ಯವಾಗಿ ಆ ಹಕ್ಕು ಸಿಗುವುದಿಲ್ಲ.