ಮೂರು ಗಿಗಾಹರ್ಟ್ಸ್ ಅನ್ನೋ ಮಾತು

ಚುನಾವಣೆ ಹತ್ತಿರ ಬಂದಾಗ ವೇದಿಕೆ ಹತ್ತಿ ಮಾತು ಕೊಡುವವರನ್ನ ನಾವು ದಿನಾ ನೋಡ್ತೀವಿ. ವರ್ಷ ಕಳೆದ ಮೇಲೆ ಆ ಹಳೇ ಕ್ಲಿಪ್ಪಿಂಗ್ ಹುಡುಕಿ ತೆಗೆದು, "ಸ್ವಾಮಿ, ಇದು ನೀವೇ ತಾನೆ?" ಅಂತ ಕೇಳೋದು ನಮ್ಮ ಕಸುಬು. ಇವತ್ತು ಅಂಥದ್ದೇ ಒಂದು ಕ್ಲಿಪ್ಪಿಂಗ್ ಕಥೆ ಹೇಳ್ತೀನಿ. ಮಾತು ಕೊಟ್ಟವರು ನಮ್ಮ ಯಾವ ಶಾಸಕರೂ ಅಲ್ಲ, ಮಂತ್ರಿಯೂ ಅಲ್ಲ. ಸ್ಟೀವ್ ಜಾಬ್ಸ್.

2003ರ ಜೂನ್ 23. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಆಪಲ್ ಕಂಪನಿಯ ವಾರ್ಷಿಕ ಡೆವಲಪರ್ ಸಮ್ಮೇಳನ. ಜಾಬ್ಸ್ ಅವತ್ತು ತೋರಿಸಿದ್ದು ಪವರ್ ಮ್ಯಾಕ್ ಜಿ5 ಅನ್ನೋ ಡೆಸ್ಕ್‌ಟಾಪ್ ಕಂಪ್ಯೂಟರ್. ಇಡೀ ಮೈ ಅಲ್ಯೂಮಿನಿಯಂ. ಎದುರುಗಡೆ ತುಂಬಾ ತೂತು, ಬೂಂದಿ ಕಾಳು ಬಿಡೋ ಸೌಟಿನ ಥರ. ಒಳಗೆ ಒಂಬತ್ತು ಫ್ಯಾನ್. ಹೃದಯದ ಜಾಗದಲ್ಲಿ ಐಬಿಎಂ ಕಂಪನಿ ಮಾಡಿಕೊಟ್ಟ ಪವರ್‌ಪಿಸಿ 970 ಅನ್ನೋ 64 ಬಿಟ್ ಪ್ರೊಸೆಸರ್. ದೊಡ್ಡ ಮಾಡೆಲ್‌ನಲ್ಲಿ ಅಂಥವು ಎರಡು, ಒಂದೊಂದೂ 2 ಗಿಗಾಹರ್ಟ್ಸ್. ಬೆಲೆ 2,999 ಡಾಲರ್. ಪ್ರಪಂಚದ ಅತಿ ವೇಗದ ಪರ್ಸನಲ್ ಕಂಪ್ಯೂಟರ್ ಇದೇ ಅಂತ ಘೋಷಣೆ ಆಯ್ತು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಇನ್ನು ಹನ್ನೆರಡು ತಿಂಗಳೊಳಗೆ ಇದನ್ನ 3 ಗಿಗಾಹರ್ಟ್ಸ್‌ಗೆ ಒಯ್ತೀವಿ ಅಂತ ಜಾಬ್ಸ್ ಹೇಳಿಬಿಟ್ಟರು. ಜನ ಚಪ್ಪಾಳೆ ತಟ್ಟಿದರು.

ಜಾಬ್ಸ್‌ಗೆ ಅಷ್ಟು ಉಮೇದು ಯಾಕಿತ್ತು ಅಂದ್ರೆ, ಅದರ ಹಿಂದಿನ ನಾಲ್ಕು ವರ್ಷ ಆಪಲ್ ಪಟ್ಟ ಪಾಡು ಹಾಗಿತ್ತು.

1984ರ ಮೊದಲ ಮ್ಯಾಕಿಂತೋಷ್‌ನಲ್ಲಿ ಇದ್ದದ್ದು ಮೊಟೊರೋಲಾದ 68000 ಚಿಪ್. ಆ ವಂಶಕ್ಕೆ ವಯಸ್ಸಾಗ್ತಿದೆ ಅಂತ ಗೊತ್ತಾದಾಗ, 1991ರಲ್ಲಿ ಆಪಲ್, ಐಬಿಎಂ, ಮೊಟೊರೋಲಾ ಮೂರೂ ಕೈ ಜೋಡಿಸಿದವು. ಗುರಿ ಒಂದೇ: ಇಂಟೆಲ್ ಮತ್ತು ಮೈಕ್ರೋಸಾಫ್ಟ್ ಜೋಡಿಯನ್ನ ಮಣಿಸಬೇಕು. ಹಾಗೆ ಹುಟ್ಟಿದ್ದು ಪವರ್‌ಪಿಸಿ. 1994ರ ಮಾರ್ಚ್‌ನಲ್ಲಿ ಅದನ್ನ ಹಾಕಿದ ಮೊದಲ ಪವರ್ ಮ್ಯಾಕಿಂತೋಷ್ ಬಂತು. ಶುರುವಿನಲ್ಲಿ ಎಲ್ಲಾ ಚೆನ್ನಾಗಿಯೇ ಇತ್ತು. ಸಮ್ಮಿಶ್ರ ಸರ್ಕಾರ ಅಲ್ವಾ, ಶುರುವಿನಲ್ಲಿ ಚೆನ್ನಾಗಿಯೇ ಇರುತ್ತೆ!

ಎಡವಟ್ಟಾಗಿದ್ದು 1999ರಲ್ಲಿ. ಮೊಟೊರೋಲಾ ಮಾಡಿದ ಜಿ4 ಚಿಪ್ 500 ಮೆಗಾಹರ್ಟ್ಸ್ ಅಂತ ಆಪಲ್ ಪ್ರಕಟಿಸಿತು. ಆದರೆ ಆ ವೇಗದಲ್ಲಿ ಓಡೋ ಚಿಪ್ಪುಗಳು ಬೇಕಾದಷ್ಟು ಸಿಗಲಿಲ್ಲ. ಎರಡೇ ತಿಂಗಳಿಗೆ ಆಪಲ್ ಎಲ್ಲಾ ಮಾಡೆಲ್‌ಗಳ ವೇಗವನ್ನ 50 ಮೆಗಾಹರ್ಟ್ಸ್ ಇಳಿಸಬೇಕಾಯ್ತು. ನೀವೇ ಯೋಚನೆ ಮಾಡಿ, ಹೊಸ ಕಾರು ಬಿಟ್ಟು ಎರಡು ತಿಂಗಳಾದ ಮೇಲೆ "ಎಂಜಿನ್ ಸ್ವಲ್ಪ ಚಿಕ್ಕದು ಮಾಡಿದ್ದೀವಿ" ಅಂತ ಶೋರೂಮಿನವರು ಹೇಳಿದ ಹಾಗೆ. ಮುಂದೆ 2001ರ ಜನವರಿವರೆಗೂ ಜಿ4 ಆ 500ರ ಗೆರೆ ದಾಟಲಿಲ್ಲ. ಅಷ್ಟರಲ್ಲಿ ಇಂಟೆಲ್, ಎಎಂಡಿ ಎರಡೂ 1 ಗಿಗಾಹರ್ಟ್ಸ್ ದಾಟಿ ಹೋಗಿದ್ದವು. ಇಂಥ ಹೊತ್ತಿನಲ್ಲಿ ಐಬಿಎಂ ತನ್ನ ದೊಡ್ಡ ಸರ್ವರ್‌ಗಳಿಗೆ ಮಾಡಿದ್ದ ಪವರ್4 ಪ್ರೊಸೆಸರ್ ಅನ್ನ ಡೆಸ್ಕ್‌ಟಾಪ್‌ಗೆ ತಕ್ಕಂತೆ ಇಳಿಸಿ ಕೊಟ್ಟಿತು. ಅದೇ 970. ಆಪಲ್ ಅದಕ್ಕೆ ಜಿ5 ಅಂತ ಹೆಸರಿಟ್ಟಿತು.

ಇಲ್ಲೊಂದು ನಮ್ಮೂರಿನ ಸುದ್ದಿ ಇದೆ. ಆ ಪವರ್4, ಅಂದ್ರೆ ಜಿ5ನ ಅಪ್ಪ, ಅದೇ ವರ್ಷ ಬೆಂಗಳೂರಿನಲ್ಲೂ ಕೆಲಸಕ್ಕೆ ಕೂತಿತ್ತು. ಹಳೇ ಮದ್ರಾಸ್ ರಸ್ತೆಯ ಸಿ-ಡ್ಯಾಕ್ ಕೇಂದ್ರದಲ್ಲಿ. 2003ರಲ್ಲಿ ಅಲ್ಲಿ ಶುರುವಾದ 'ಪರಮ್ ಪದ್ಮ' ಸೂಪರ್ ಕಂಪ್ಯೂಟರ್‌ನಲ್ಲಿ ಇದ್ದದ್ದು 1 ಗಿಗಾಹರ್ಟ್ಸ್ ವೇಗದ 248 ಪವರ್4 ಪ್ರೊಸೆಸರ್‌ಗಳು. ಆ ಜೂನ್‌ನ ಜಾಗತಿಕ ಟಾಪ್ 500 ಪಟ್ಟಿಯಲ್ಲಿ ಅದಕ್ಕೆ 171ನೇ ಸ್ಥಾನ ಬಂತು. ನಾವು ಕಟ್ಟಿದ ಯಂತ್ರವೊಂದು ಆ ಪಟ್ಟಿ ಹತ್ತಿದ್ದು ಅದೇ ಮೊದಲು. ಅಲ್ಲಿ ಜಾಬ್ಸ್ ವೇದಿಕೆ ಮೇಲೆ ಮಗನನ್ನ ತೋರಿಸ್ತಾ ಇದ್ದಾಗ, ಇಲ್ಲಿ ಅಪ್ಪ ನಮ್ಮ ಲೆಕ್ಕ ಮಾಡ್ತಾ ಇದ್ದ.

ಮಗನೂ ಕಡಿಮೆ ಇರಲಿಲ್ಲ ಬಿಡಿ. ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ ಶ್ರೀನಿಧಿ ವರದರಾಜನ್ ಅನ್ನೋ ಪ್ರಾಧ್ಯಾಪಕರು ಒಂದು ಸಾಹಸ ಮಾಡಿದರು. ಅಂಗಡಿಯಲ್ಲಿ ಸಿಗೋ ಇದೇ ಪವರ್ ಮ್ಯಾಕ್ ಜಿ5 ಯಂತ್ರಗಳನ್ನ 1,100 ತರಿಸಿ, ಸಾಲಾಗಿ ಜೋಡಿಸಿ, ಒಂದೇ ಸೂಪರ್ ಕಂಪ್ಯೂಟರ್ ಮಾಡಿಬಿಟ್ಟರು. ಜೋಡಿಸಿದವರು ವಿದ್ಯಾರ್ಥಿ ಸ್ವಯಂಸೇವಕರು, ಸಂಬಳ ಪಿಜ್ಜಾ. ಖರ್ಚು ಸುಮಾರು 52 ಲಕ್ಷ ಡಾಲರ್. ವೇಗ ಸೆಕೆಂಡಿಗೆ ಹತ್ತು ಲಕ್ಷ ಕೋಟಿ ಲೆಕ್ಕಗಳಿಗೂ ಮೇಲೆ. 2003ರ ನವೆಂಬರ್ ಪಟ್ಟಿಯಲ್ಲಿ ಪ್ರಪಂಚಕ್ಕೆ ಮೂರನೇ ಸ್ಥಾನ! ಮೇಜಿನ ಮೇಲೆ ಇಡೋ ಕಂಪ್ಯೂಟರ್‌ಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇನ್ನೇನು ಬೇಕು?

ಆದರೆ ಅದೇ ನವೆಂಬರ್‌ನಲ್ಲಿ ಬ್ರಿಟನ್‌ನ ಟಿವಿ ನಿಯಂತ್ರಣ ಸಂಸ್ಥೆ ಆಪಲ್‌ನ ಜಾಹೀರಾತಿಗೆ ತಡೆ ಹಾಕಿತು. "ಅತಿ ವೇಗದ" ಅನ್ನೋ ಮಾತಿಗೆ ಸರಿಯಾದ ಆಧಾರ ಇಲ್ಲ, ನೋಡುವವರಿಗೆ ಇದು ತಪ್ಪು ಅಭಿಪ್ರಾಯ ಕೊಡುತ್ತೆ ಅಂತ. ದೂರು ಕೊಟ್ಟವರು ಬೆರಳೆಣಿಕೆಯ ವೀಕ್ಷಕರು. ವೀಕ್ಷಕರ ದೂರಿಗೆ ಬೆಲೆ ಕೊಡೋ ದೇಶ! ಇರ್ಲಿ, ಆ ವಿಷಯ ತೆಗೆದರೆ ನನ್ನ ಕಸುಬಿನವರೇ ನನ್ನ ಮೇಲೆ ಬೀಳ್ತಾರೆ.

ಈಗ 3 ಗಿಗಾಹರ್ಟ್ಸ್ ಕಥೆಗೆ ಬರೋಣ. 2004ರ ಜೂನ್ ಬಂತು. ಹನ್ನೆರಡು ತಿಂಗಳು ಮುಗೀತು. ಬಂದದ್ದು 2.5.

ಏನಾಯ್ತು? ಚಿಪ್ಪಿನೊಳಗಿನ ಟ್ರಾನ್ಸಿಸ್ಟರ್ ಅಂದ್ರೆ ಒಂದು ನಲ್ಲಿ ಅಂತ ಇಟ್ಟುಕೊಳ್ಳಿ. ತಿರುಗಿಸಿದರೆ ಕರೆಂಟ್ ಹರೀಬೇಕು, ಮುಚ್ಚಿದರೆ ನಿಲ್ಲಬೇಕು. ಪ್ರತಿ ಎರಡು ವರ್ಷಕ್ಕೊಮ್ಮೆ ಈ ನಲ್ಲಿಗಳನ್ನ ಇನ್ನೂ ಸಣ್ಣದು ಮಾಡ್ತಾ ಹೋದರೆ ವೇಗ ತಾನಾಗೇ ಏರುತ್ತೆ, ಕರೆಂಟ್ ಖರ್ಚು ಇಳಿಯುತ್ತೆ. ದಶಕಗಳ ಕಾಲ ನಡೆದದ್ದು ಹಾಗೇನೇ. ಗೆರೆಯ ಅಳತೆ 130 ನ್ಯಾನೋಮೀಟರ್‌ನಿಂದ 90ಕ್ಕೆ ಇಳಿದಾಗ ಆ ಸುಖದ ದಿನಗಳು ಮುಗಿದವು. ನಲ್ಲಿ ಎಷ್ಟು ಬಿಗಿ ಮಾಡಿದರೂ ತೊಟ್ಟಿಕ್ಕೋಕೆ ಶುರುವಾಯ್ತು. ಕೋಟ್ಯಂತರ ನಲ್ಲಿಗಳು ಒಟ್ಟಿಗೆ ಸೋರಿದರೆ ಅದೆಲ್ಲಾ ಶಾಖ. ವೇಗ ಹೆಚ್ಚಿಸಬೇಕು ಅಂದ್ರೆ ವೋಲ್ಟೇಜ್ ಏರಿಸಬೇಕು, ಏರಿಸಿದರೆ ಇನ್ನೂ ಶಾಖ. 2.5ರ ಜಿ5ಗೆ ಆಪಲ್ ಕಾರಿನ ರೇಡಿಯೇಟರ್ ಥರ ದ್ರವ ಹರಿಸಿ ತಣ್ಣಗೆ ಮಾಡೋ ವ್ಯವಸ್ಥೆ ಹಾಕಬೇಕಾಯ್ತು. ಮುಂದೆ ಕೆಲವು ಯಂತ್ರಗಳಲ್ಲಿ ಆ ದ್ರವವೇ ಸೋರಿ ಬೋರ್ಡು ಹಾಳು ಮಾಡಿತು. ಲ್ಯಾಪ್‌ಟಾಪ್ ಮಾತಂತೂ ಕೇಳಲೇಬೇಡಿ. ಜಿ5 ಹಾಕಿದ ಪವರ್‌ಬುಕ್ ಬರುತ್ತೆ ಬರುತ್ತೆ ಅಂತ ಜನ ಎರಡು ವರ್ಷ ಕಾದರು. ಬರಲೇ ಇಲ್ಲ.

ನ್ಯಾಯವಾಗಿ ಹೇಳಬೇಕು ಅಂದ್ರೆ ಇದು ಐಬಿಎಂ ಒಬ್ಬರ ತಲೆಬರಹ ಅಲ್ಲ. ಇಂಟೆಲ್ ಕೂಡ 2004ರ ಅಕ್ಟೋಬರ್‌ನಲ್ಲಿ ತನ್ನ 4 ಗಿಗಾಹರ್ಟ್ಸ್ ಪೆಂಟಿಯಂ 4 ಅನ್ನ ಕೈಬಿಟ್ಟಿತು, ಕಾರಣ ಇದೇ ಶಾಖ. ವ್ಯತ್ಯಾಸ ಏನಪ್ಪಾ ಅಂದ್ರೆ, ಇಂಟೆಲ್ ಹತ್ತಿರ ಲ್ಯಾಪ್‌ಟಾಪ್‌ಗೆ ಅಂತಲೇ ಮಾಡಿದ, ಕಡಿಮೆ ಕರೆಂಟ್ ತಿನ್ನೋ ಇನ್ನೊಂದು ಚಿಪ್ ವಂಶ ಇತ್ತು. ಐಬಿಎಂ ಹತ್ತಿರ ಇರಲಿಲ್ಲ. ಮಾಡಿಕೊಡೋ ಉತ್ಸಾಹವೂ ಕಾಣಲಿಲ್ಲ.

ಯಾಕೆ ಕಾಣಲಿಲ್ಲ? ನನಗೆ ಇಡೀ ಕಥೆಯಲ್ಲಿ ಮುಖ್ಯ ಅನ್ನಿಸೋದು ಇದೇ ಭಾಗ. ಆಪಲ್ ಆಗ ವರ್ಷಕ್ಕೆ ಮಾರ್ತಾ ಇದ್ದದ್ದು ಎಲ್ಲಾ ಸೇರಿ ಸುಮಾರು 33 ಲಕ್ಷ ಮ್ಯಾಕ್‌ಗಳು, ಅದರಲ್ಲೂ ಜಿ5 ಇದ್ದದ್ದು ಒಂದು ಪಾಲು ಮಾತ್ರ. ಅದೇ ಹೊತ್ತಿಗೆ ಐಬಿಎಂ ಬಾಗಿಲಿಗೆ ಮೂರು ದೊಡ್ಡ ಗಿರಾಕಿಗಳು ಬಂದಿದ್ದರು. ಎಕ್ಸ್‌ಬಾಕ್ಸ್ 360 ಮಾಡೋ ಮೈಕ್ರೋಸಾಫ್ಟ್, ಪ್ಲೇಸ್ಟೇಷನ್ 3 ಮಾಡೋ ಸೋನಿ, ವೀ ಮಾಡೋ ನಿಂಟೆಂಡೊ. ಮೂರೂ ಗೇಮ್ ಪೆಟ್ಟಿಗೆಗಳ ಒಳಗೆ ಇದೇ ಪವರ್ ವಂಶದ ಚಿಪ್. ಕೋಟಿಗಟ್ಟಲೆ ಆರ್ಡರ್. ಮದುವೆ ಛತ್ರದ ಆರ್ಡರ್ ಹಿಡಿದ ಅಡುಗೆಯವನು ಮನೆಗೆ ಬಂದ ನಾಲ್ಕು ಜನಕ್ಕೆ ಬೇರೆ ಒಲೆ ಹಚ್ಚುತ್ತಾನಾ? ಮಜಾ ಏನು ಗೊತ್ತಾ, ಎಕ್ಸ್‌ಬಾಕ್ಸ್ 360ಗೆ ಆಟ ಬರೆಯೋ ಪ್ರೋಗ್ರಾಮರ್‌ಗಳಿಗೆ ಮೈಕ್ರೋಸಾಫ್ಟ್ ಮೊದಮೊದಲು ಕೊಟ್ಟ ಯಂತ್ರವೇ ಪವರ್ ಮ್ಯಾಕ್ ಜಿ5. ಆಪಲ್‌ನ ಹಳೇ ಎದುರಾಳಿ, ಆಪಲ್ ಡಬ್ಬದ ಮೇಲೇ ತನ್ನ ಆಟ ಕಟ್ಟಿತು.

2005ರ ಜೂನ್ 6. ಮತ್ತೆ ಅದೇ ಸಮ್ಮೇಳನ, ಅದೇ ಜಾಬ್ಸ್. 3 ಗಿಗಾಹರ್ಟ್ಸ್ ಕೊಡ್ತೀನಿ ಅಂದಿದ್ದೆ, ಕೊಡಲಿಲ್ಲ ಅಂತ ಅವರೇ ಒಪ್ಪಿಕೊಂಡರು. ಇನ್ನು ಮುಂದೆ ನಮ್ಮ ಕಂಪ್ಯೂಟರ್‌ಗಳಲ್ಲಿ ಇಂಟೆಲ್ ಚಿಪ್ ಅಂದರು. ಐದು ವರ್ಷದಿಂದ ಮ್ಯಾಕ್ ಓಎಸ್ ಎಕ್ಸ್ ಅನ್ನ ಗುಟ್ಟಾಗಿ ಇಂಟೆಲ್ ಮೇಲೂ ಓಡಿಸ್ತಾ ಇದ್ವಿ, ನೀವು ಈಗ ನೋಡಿದ ಡೆಮೊ ಕೂಡ ಪೆಂಟಿಯಂ 4 ಮೇಲೆ ಓಡಿದ್ದು ಅಂತ ಬಾಯಿಬಿಟ್ಟರು. ಅಂದ್ರೆ ಲೆಕ್ಕ ಹಾಕಿ. 2003ರಲ್ಲಿ ಐಬಿಎಂ ಚಿಪ್ ಹೊಗಳಿ ವೇದಿಕೆ ಮೇಲೆ ನಿಂತಾಗಲೇ ಒಳಮನೆಯಲ್ಲಿ ಇನ್ನೊಂದು ಸಂಬಂಧ ನೋಡಿಟ್ಟಾಗಿತ್ತು. ಕೆಲವರು ಇದನ್ನ ಮೋಸ ಅಂತಾರೆ. ನಾನು ಮುಂದಾಲೋಚನೆ ಅಂತೀನಿ. ಒಬ್ಬನೇ ಸರಬರಾಜುದಾರನನ್ನ ನಂಬಿ ಕೂತವನು ಎರಡನೇ ದಾರಿ ಇಟ್ಟುಕೊಳ್ಳದಿದ್ದರೆ ಅದು ಬೇಜವಾಬ್ದಾರಿ.

ನನ್ನ ತಕರಾರು ಇರೋದು ಗಿರಾಕಿ ವಿಷಯದಲ್ಲಿ. ಇಂಟೆಲ್‌ಗೆ ಹೋಗ್ತೀವಿ ಅಂತ ಹೇಳಿದ ನಾಲ್ಕು ತಿಂಗಳಿಗೆ, ಅಂದ್ರೆ 2005ರ ಅಕ್ಟೋಬರ್‌ನಲ್ಲಿ, ನಾಲ್ಕು ಕೋರ್‌ಗಳ ಕೊನೆಯ ಜಿ5 ಬಂತು. ಬೆಲೆ 3,299 ಡಾಲರ್, ಪವರ್ ಸಪ್ಲೈ 1,000 ವ್ಯಾಟ್. 2006ರ ಆಗಸ್ಟ್‌ನಲ್ಲಿ ಇಂಟೆಲ್‌ನ ಮ್ಯಾಕ್ ಪ್ರೊ ಬಂದು ಅದನ್ನ ಎಬ್ಬಿಸಿ ಕಳಿಸಿತು. 2007ರ ಲೆಪರ್ಡ್ ಅದಕ್ಕೆ ಸಿಕ್ಕ ಕೊನೆಯ ಓಎಸ್. 2009ರ ಆಗಸ್ಟ್‌ನಲ್ಲಿ ಬಂದ ಸ್ನೋ ಲೆಪರ್ಡ್ ಪವರ್‌ಪಿಸಿಗೆ ಬಾಗಿಲು ಹಾಕಿತು. ಅಂದ್ರೆ ಅಷ್ಟು ದುಡ್ಡು ಕೊಟ್ಟು ಕೊಂಡ ಯಂತ್ರ ನಾಲ್ಕು ವರ್ಷ ತುಂಬೋ ಮೊದಲೇ ಹಳಬರ ಪಟ್ಟಿಗೆ ಸೇರಿತು. ಯಂತ್ರ ಕೆಟ್ಟಿರಲಿಲ್ಲ.

ಆ ದಿನಗಳಲ್ಲಿ ನಾನು ಕೆಲಸ ಮಾಡ್ತಿದ್ದ ಚಾನೆಲ್‌ನ ಎಡಿಟ್ ರೂಮಿನಲ್ಲಿ ಇಂಥ ಎರಡು ಅಲ್ಯೂಮಿನಿಯಂ ಗೋಪುರಗಳಿದ್ದವು. ಫೈನಲ್ ಕಟ್ ಪ್ರೊದಲ್ಲಿ ಸ್ಟೋರಿ ಕತ್ತರಿಸಿ ರೆಂಡರ್‌ಗೆ ಹಾಕಿದರೆ ಸಾಕು, ಒಂಬತ್ತೂ ಫ್ಯಾನ್ ಎದ್ದು ಕೂಗೋವು. "ಸಾರ್, ವಿಮಾನ ಟೇಕಾಫ್ ಆಯ್ತು, ಕಾಫಿ ಕುಡ್ಕೊಂಡ್ ಬನ್ನಿ" ಅನ್ನೋನು ನಮ್ಮ ಎಡಿಟರ್. ಇಂಥ ಯಂತ್ರಗಳಲ್ಲೇ ನಮ್ಮ ಕಸುಬಿನವರು ಎಷ್ಟೋ ಚುನಾವಣೆ, ಬರ, ನೆರೆಗಳ ಕಥೆ ಕತ್ತರಿಸಿದ್ದಾರೆ. 2011ರಲ್ಲಿ ಫೈನಲ್ ಕಟ್ ಪ್ರೊ ಎಕ್ಸ್ ಬಂತು ನೋಡಿ, ಅದು ಹಳೇ ಫೈನಲ್ ಕಟ್‌ನ ಪ್ರಾಜೆಕ್ಟ್ ಫೈಲ್ ತೆರೆಯಲೇ ಇಲ್ಲ. ದೃಶ್ಯಗಳು ಉಳಿದವು, ಅವನ್ನ ಹೇಗೆ ಜೋಡಿಸಿದ್ದೆವು ಅನ್ನೋ ಲೆಕ್ಕ ಬೀಗದೊಳಗೆ ಉಳೀತು. ಬೀಗದ ಕೈ ಆ ಹಳೇ ಗೋಪುರದ ಹತ್ತಿರ ಮಾತ್ರ. ಪತ್ರಿಕೆಯವರು ಐವತ್ತು ವರ್ಷದ ಹಳೇ ಸಂಚಿಕೆಯ ಕಟ್ಟು ಬಿಚ್ಚಿ ಓದ್ತಾರೆ. ನಾವು ಟಿವಿಯವರು ಹತ್ತು ವರ್ಷದ ಹಿಂದಿನದನ್ನ ಬಿಚ್ಚೋಕೆ ಯಂತ್ರ ಹುಡುಕಬೇಕು.

ಆಪಲ್ ಪಾಠ ಕಲೀತು. 2008ರಲ್ಲಿ 27.8 ಕೋಟಿ ಡಾಲರ್ ಕೊಟ್ಟು ಪಿ.ಎ. ಸೆಮಿ ಅನ್ನೋ ಪುಟ್ಟ ಚಿಪ್ ಕಂಪನಿಯನ್ನ ಕೊಂಡಿತು. ಆ ಕಂಪನಿ ಮಾಡ್ತಾ ಇದ್ದದ್ದು ಏನು ಗೊತ್ತಾ? ಪವರ್ ವಂಶದ್ದೇ ಚಿಪ್! ಆಪಲ್‌ಗೆ ಬೇಕಾಗಿದ್ದು ಎಂಜಿನಿಯರ್‌ಗಳು. 2010ರ ಐಪ್ಯಾಡ್‌ಗೆ ಸ್ವಂತ ಹೆಸರಿನ ಎ4 ಬಂತು, 2020ರ ನವೆಂಬರ್‌ನಲ್ಲಿ ಮ್ಯಾಕ್‌ಗೆ ಎಂ1. ಇಂಟೆಲ್‌ಗೂ ವಿದಾಯ.

ನಮ್ಮ ಲೆಕ್ಕ ನೋಡೋಣ ಈಗ. 1980ರ ದಶಕದಲ್ಲಿ ನಮ್ಮ ಸಂಶೋಧಕರು ಕೇಳಿದ ಕ್ರೇ ಸೂಪರ್ ಕಂಪ್ಯೂಟರ್ ಕೊಡೋಕೆ ಅಮೆರಿಕ ಒಪ್ಪಲಿಲ್ಲ. ಆ ಹಟಕ್ಕೆ 1988ರಲ್ಲಿ ಸಿ-ಡ್ಯಾಕ್ ಹುಟ್ಟಿತು, ವಿಜಯ್ ಭಾಟ್ಕರ್ ನೇತೃತ್ವದಲ್ಲಿ 1991ಕ್ಕೆ ಪರಮ್ 8000 ಬಂತು. ಹೆಮ್ಮೆಯ ವಿಷಯ, ಎರಡು ಮಾತಿಲ್ಲ. ಆದರೆ ಅದರೊಳಗಿನ ಪ್ರೊಸೆಸರ್ ಬ್ರಿಟನ್‌ನ ಇನ್‌ಮಾಸ್ ಕಂಪನಿಯ ಟ್ರಾನ್ಸ್‌ಪ್ಯೂಟರ್. ಕೆಲವೇ ವರ್ಷಕ್ಕೆ ಆ ಚಿಪ್ಪೇ ನಿಂತು ಹೋಯ್ತು. 1998ರ ಪರಮ್ 10000ಕ್ಕೆ ಸನ್ ಕಂಪನಿಯ ಸ್ಪಾರ್ಕ್. ಆ ಸನ್ ಕಂಪನಿಯೇ ಈಗ ಇಲ್ಲ. ಪದ್ಮಕ್ಕೆ ಐಬಿಎಂ. ಕಟ್ಟಿದವರು ನಾವು, ಇಟ್ಟಿಗೆ ಮಾತ್ರ ಪ್ರತಿ ಸಲ ಬೇರೆಯವರ ಗೂಡಿನದು. ಮದ್ರಾಸ್ ಐಐಟಿಯವರ 'ಶಕ್ತಿ', ಸಿ-ಡ್ಯಾಕ್‌ನವರ 'ವೇಗ' ಪ್ರೊಸೆಸರ್‌ಗಳ ಮೇಲೆ ನನಗೆ ಆಸೆ ಇರೋದು ಇದಕ್ಕೇ. ಅವು ರಿಸ್ಕ್-ಫೈವ್ ಅನ್ನೋ, ಯಾರ ಅಪ್ಪಣೆಯೂ ಬೇಡದ ಮುಕ್ತ ವಿನ್ಯಾಸದ ಮೇಲೆ ನಿಂತಿವೆ. ಆದರೂ 2018ರಲ್ಲಿ 'ಶಕ್ತಿ'ಯ ಮೊದಲ ಚಿಪ್ ಅಚ್ಚಾಗಿದ್ದು ಇಂಟೆಲ್‌ನವರ ಕಾರ್ಖಾನೆಯಲ್ಲಿ, 22 ನ್ಯಾನೋಮೀಟರ್ ಅಳತೆಯಲ್ಲಿ. ನಮ್ಮದೇ ಮೊಹಾಲಿಯ ಕಾರ್ಖಾನೆಯಲ್ಲಿ ಆಮೇಲೆ ಮಾಡಿದ್ದು 180ರ ಅಳತೆ. ಜಿ5 ಚಿಪ್ಪಿನ ಅಳತೆ 2003ರಲ್ಲೇ 130 ಇತ್ತು ಅನ್ನೋದನ್ನ ನೆನಪಿಡಿ.

ಹಾಗಂತ ಪವರ್‌ಪಿಸಿ ಸತ್ತೇ ಹೋಯ್ತು ಅಂದುಕೋಬೇಡಿ. ಅದರ ಜಿ3 ತಲೆಮಾರಿನ, 1998ರ ಬಣ್ಣದ ಐಮ್ಯಾಕ್‌ನಲ್ಲಿದ್ದ 750 ಚಿಪ್ಪಿಗೆ ವಿಕಿರಣ ತಡೆಯೋ ಕವಚ ತೊಡಿಸಿದ ಒಂದು ಅವತಾರ ಇದೆ. ಹೆಸರು ರ‍್ಯಾಡ್750. 2012ರಲ್ಲಿ ಮಂಗಳನ ಮೇಲೆ ಇಳಿದ ಕ್ಯೂರಿಯಾಸಿಟಿ ರೋವರ್‌ಗೂ, 2021ರಲ್ಲಿ ಇಳಿದ ಪರ್ಸಿವರೆನ್ಸ್‌ಗೂ ಅದೇ ಮಿದುಳು. ಅದರ ವೇಗ 200 ಮೆಗಾಹರ್ಟ್ಸ್. ಜಾಬ್ಸ್ ಕೊಟ್ಟ ಮಾತಿನ ಹದಿನೈದನೇ ಒಂದು ಪಾಲು.