ಬೆನ್ನ ಹಿಂದೆ ದೇಗುಲ

ಫೆಬ್ರುವರಿ ಮುಗಿಯುತ್ತ ಬಂದರೂ ಮಧ್ಯಪ್ರದೇಶದ ಖಜುರಾಹೊದಲ್ಲಿ ಸಂಜೆಯ ಚಳಿ ಇನ್ನೂ ಬಿಟ್ಟಿರುವುದಿಲ್ಲ. ಶಾಲು ಹೊದ್ದವರು ಕುರ್ಚಿ ಹಿಡಿದು ಕೂರುತ್ತಾರೆ. ಚಂದೇಲರ ಕಾಲದ ಶಿಖರಗಳ ಮೇಲೆ ದೀಪಗಳ ಬೆಳಕು ಹತ್ತುತ್ತದೆ. ಒಂದು ವಾರದ ನೃತ್ಯೋತ್ಸವದಲ್ಲಿ ಭರತನಾಟ್ಯ, ಕಥಕ್, ಒಡಿಸ್ಸಿ, ಕೂಚಿಪುಡಿ, ಮಣಿಪುರಿ ಒಂದರ ಹಿಂದೊಂದು ಬರುತ್ತವೆ. ಕಲಾವಿದೆ ವೇದಿಕೆಯ ನಡುವೆ ಬಂದು ಕೈಮುಗಿಯುವುದು ಜನರತ್ತ ತಿರುಗಿ. ಸಾವಿರ ವರ್ಷದ ದೇಗುಲ ಇರುವುದು ಅವಳ ಬೆನ್ನ ಹಿಂದೆ.

ಬೇಲೂರಿನ ಚೆನ್ನಕೇಶವನ ಗುಡಿಯಲ್ಲಿ ಇದೆಲ್ಲ ತಿರುಗುಮುರುಗು. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಆ ದೇವಾಲಯದ ನವರಂಗದ ನಟ್ಟನಡುವೆ ಗುಂಡನೆಯ ನುಣುಪುಗಲ್ಲಿನ ಜಗಲಿ ಇದೆ. ಅದರ ಮೇಲೆ ನಿಂತವರಿಗೆ ಎದುರಾಗುವುದು ಗರ್ಭಗುಡಿ. ಕುಣಿತ ದೇವರಿಗೆ, ಮನುಷ್ಯರು ಸುತ್ತಲಿನ ಕಂಬಗಳ ನಡುವೆ ಜಾಗ ಸಿಕ್ಕಲ್ಲಿ ನಿಂತು ನೋಡಬೇಕು. ರಾಣಿ ಶಾಂತಲೆ ಇದೇ ಕಲ್ಲಿನ ಮೇಲೆ ನರ್ತಿಸಿದಳು ಎಂದು ಗೈಡುಗಳು ಹೇಳುತ್ತಾರೆ. ಗೀತ, ವಾದ್ಯ, ನೃತ್ಯಗಳಲ್ಲಿ ಅವಳಿಗಿದ್ದ ಪಾಂಡಿತ್ಯವನ್ನು ಶಾಸನಗಳು ಹೊಗಳುವುದಂತೂ ನಿಜ. ಉಳಿದ ಕಥೆಯನ್ನು ಗೈಡುಗಳ ಖಾತೆಗೇ ಬಿಡಬಹುದು.

ದೇವರ ಎದುರಿನ ಸೇವೆ ಜನರ ಎದುರಿನ ಕಾರ್ಯಕ್ರಮವಾಗಿದ್ದು ಬಹಳ ಹಿಂದಿನ ಮಾತಲ್ಲ. ನೂರು ವರ್ಷದೊಳಗೆ ಎಲ್ಲ ಮುಗಿದುಹೋಯಿತು. ಕಡಿಯದೆ ಹರಿದುಬಂದ ಪರಂಪರೆ ಎಂದು ಉತ್ಸವಗಳ ಕರಪತ್ರಗಳು ಬಣ್ಣಿಸುವುದನ್ನು ಪೂರ್ತಿ ನಂಬಬೇಕಿಲ್ಲ. ನಡುವೆ ಒಂದು ದೊಡ್ಡ ಕಡಿತವಿದೆ. ಅದರ ಆಚೆಗೇ ಉಳಿದುಹೋದ ಹೆಂಗಸರಿದ್ದಾರೆ.

ಅವರ ಹೆಸರುಗಳು ಕಲ್ಲಿನಲ್ಲಿ ಉಳಿದಿವೆ. ಬಾದಾಮಿ ಚಾಲುಕ್ಯರ ದೊರೆ ವಿಜಯಾದಿತ್ಯನ ಪ್ರಾಣವಲ್ಲಭೆ ವಿನಾಪೋಟಿ ಮಹಾಕೂಟದ ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಛತ್ರಿ, ಹೊಲಗದ್ದೆ ಕೊಟ್ಟಳು ಎಂದು ಅಲ್ಲಿನ ಕಂಬದ ಶಾಸನ ಹೇಳುತ್ತದೆ. ಶಾಸನ ಅವಳ ತಾಯಿಯ ಹೆಸರನ್ನೂ ಅಜ್ಜಿಯ ಹೆಸರನ್ನೂ ಬರೆಯುತ್ತದೆ, ತಂದೆಯ ಸುದ್ದಿ ಎತ್ತುವುದಿಲ್ಲ. ಪಟ್ಟದಕಲ್ಲಿನಲ್ಲಿ ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ, ಗಂಡ ಕಂಚಿಯನ್ನು ಗೆದ್ದ ನೆನಪಿಗೆ ಈಗ ವಿರೂಪಾಕ್ಷ ಎನ್ನುವ ಗುಡಿಯನ್ನು ಕಟ್ಟಿಸಿದಳು. ವಿಜಯಾದಿತ್ಯನ ಕಾಲದಿಂದ ಹಾಡುಗಾರರಿಗೆ ನಡೆದುಬಂದಿದ್ದ ದತ್ತಿಯನ್ನು ಅವಳು ಮತ್ತೆ ಖಾಯಂ ಮಾಡಿದ್ದೂ ಅಲ್ಲಿಯೇ ದಾಖಲಾಗಿದೆ. ಅದೇ ಊರಿನ ಇನ್ನೊಂದು ಶಾಸನ ಅಚಲ ಎಂಬ ನಟನನ್ನು ಭರತನ ಮಾರ್ಗ ಬಲ್ಲವನೆಂದು ಕೊಂಡಾಡುತ್ತದೆ. ರಾಷ್ಟ್ರಕೂಟ ಧ್ರುವನ ಕಾಲಕ್ಕೆ ಬಂದರೆ ಅಲ್ಲಿ ಸಿಗುವವಳು ಬಾದಿಪೊದ್ದಿ. ಗುಡಿಯ ಸೇವೆಯಲ್ಲಿದ್ದ ಈ ಹೆಂಗಸು ಕುದುರೆಯ ರಥವನ್ನೂ ಆನೆಯ ರಥವನ್ನೂ ದಾನ ಕೊಟ್ಟಳು. ರಥ ದಾನ ಕೊಡಲು ಕೈಯಲ್ಲಿ ಕಾಸಿರಬೇಕು, ಊರಿನಲ್ಲಿ ಮರ್ಯಾದೆಯೂ ಇರಬೇಕು.

ಆದರೆ ಲೆಕ್ಕ ಬರೆಯುವುದರಲ್ಲಿ ತಂಜಾವೂರನ್ನು ಮೀರಿಸಿದವರಿಲ್ಲ. ರಾಜರಾಜ ಚೋಳ 1010ರಲ್ಲಿ ಮುಗಿಸಿದ ಬೃಹದೀಶ್ವರ ದೇವಾಲಯದ ಪ್ರಾಕಾರದ ಹೊರಗೋಡೆಯ ಮೇಲೆ 400 ನರ್ತಕಿಯರ ಪಟ್ಟಿಯೇ ಇದೆ. ಬರಿಯ ಸಂಖ್ಯೆಯಲ್ಲ; ಒಬ್ಬೊಬ್ಬಳ ಹೆಸರು, ಅವಳನ್ನು ಯಾವ ಊರಿನ ಯಾವ ಗುಡಿಯಿಂದ ಕರೆತಂದರು, ಈಗ ಯಾವ ಬೀದಿಯ ಯಾವ ಸಾಲಿನಲ್ಲಿ ಎಷ್ಟನೆಯ ಮನೆ ಎಂಬುದೆಲ್ಲ ಇದೆ. ಒಬ್ಬೊಬ್ಬಳಿಗೂ ಒಂದು ಮನೆ, ಒಂದು ಪಾಲು. ಒಂದು ಪಾಲೆಂದರೆ ವರ್ಷಕ್ಕೆ 100 ಕಲಂ ಭತ್ತ. ಪಾಲುದಾರರು ಸತ್ತರೆ ಹತ್ತಿರದ ಸಂಬಂಧಿಕರಿಗೆ ಹಕ್ಕು ಹೋಗಬೇಕು. ಆ ಸಂಬಂಧಿಕರಿಗೆ ವಿದ್ಯೆ ಬರದಿದ್ದರೆ ಬಲ್ಲವರನ್ನು ಹುಡುಕಿ ಆ ಜಾಗಕ್ಕೆ ನಿಲ್ಲಿಸಬೇಕು. ಅನುಕಂಪದ ನೌಕರಿಗೂ ಇಷ್ಟು ಬಿಗಿಯಾದ ಷರತ್ತು ಹಾಕಿದ್ದ ಅಂದಿನ ಗುಮಾಸ್ತರ ಜಾಣತನಕ್ಕೆ ತಲೆದೂಗಬೇಕು. ಇದೇ ಗುಡಿಯ ವಿಮಾನದ ಮೇಲಂತಸ್ತಿನ ಒಳಸುತ್ತಿನಲ್ಲಿ ಶಿವನೇ ನಾಟ್ಯಶಾಸ್ತ್ರದ ಕರಣಗಳನ್ನು, ಅಂದರೆ ನೃತ್ಯದ ಚಲನೆಗಳನ್ನು, ಆಡಿ ತೋರಿಸುತ್ತಾನೆ. 108ರಲ್ಲಿ 81 ಮಾತ್ರ ಕೆತ್ತಿದ್ದಾರೆ, ಉಳಿದ 27 ಕಲ್ಲುಗಳು ಖಾಲಿ ನಿಂತಿವೆ.

ವಿಜಯನಗರದಲ್ಲಿ ಕಲ್ಲು ಪಾಠ ಹೇಳಿಕೊಡುವ ಕೆಲಸವನ್ನೂ ಮಾಡುತ್ತಿತ್ತು. ಕೃಷ್ಣದೇವರಾಯನ ಕಾಲದಲ್ಲಿ ಅಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಅರಮನೆಯಲ್ಲಿ ನೃತ್ಯ ಕಲಿಸುವ ಒಂದು ಸಭಾಂಗಣವನ್ನು ಕಂಡ. ಅಲ್ಲಿನ ಫಲಕಗಳ ಮೇಲೆ ಕುಣಿತ ಮುಗಿದಾಗ ನಿಲ್ಲಬೇಕಾದ ಭಂಗಿಗಳು ಇದ್ದವು. ಕಲಿಯುವವಳಿಗೆ ಮರೆತುಹೋದರೆ ಫಲಕದತ್ತ ಒಮ್ಮೆ ಕಣ್ಣು ಹಾಯಿಸಿದರಾಯಿತು.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನೂ ಹೇಳಬೇಕು. ಶಾಸನಗಳಲ್ಲಿ ಕಾಣುವ ಅನುಕೂಲಸ್ಥ ನರ್ತಕಿಯರನ್ನೇ ನೆಚ್ಚಿಕೊಂಡು ದೇವದಾಸಿ ಪದ್ಧತಿಗೆ ಚಿನ್ನದ ನೀರು ಲೇಪಿಸಲಾಗದು. ರಾಜಾಶ್ರಯ ಒಣಗಿದಂತೆಲ್ಲ ಭೂಮಿ ಕೈಬಿಟ್ಟಿತು, ಹೆಣ್ಣುಮಕ್ಕಳ ಪಾಡು ಕೆಟ್ಟಿತು. ಉತ್ತರ ಕರ್ನಾಟಕದಲ್ಲಿ ಯಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ದಲಿತ ಹುಡುಗಿಯರಿಗೆ ಮನೆಯೂ ಇರಲಿಲ್ಲ, ಭತ್ತದ ಪಾಲೂ ಇರಲಿಲ್ಲ. ಅದನ್ನು ತಡೆಯಲು ಕರ್ನಾಟಕ ಸರ್ಕಾರ 1982ರಲ್ಲಿ ಕಾಯ್ದೆ ತರಬೇಕಾಯಿತು.

ಮೈಸೂರು ಸಂಸ್ಥಾನ ಅದಕ್ಕೂ ಬಹಳ ಮೊದಲು, 1909ರಲ್ಲಿಯೇ, ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಗೆ ತಡೆ ಹಾಕಿತ್ತು. ಗಮನಿಸಬೇಕಾದ ಸಂಗತಿ ಎಂದರೆ ಗುಡಿಯಲ್ಲಿ ನಿಂತ ಕುಣಿತ ಅರಮನೆಯಲ್ಲಿ ನಿಲ್ಲಲಿಲ್ಲ. ಜಟ್ಟಿ ತಾಯಮ್ಮನವರ ಅಭಿನಯಕ್ಕೆ ಆಸ್ಥಾನದಲ್ಲಿ ಮನ್ನಣೆ ಇತ್ತು. ಅವರ ಶಿಷ್ಯೆ, ಕಡೂರು ಕಡೆಯ ತಾಂಡಾದಲ್ಲಿ ಹುಟ್ಟಿದ ಲಂಬಾಣಿ ಮನೆತನದ ಕೆ. ವೆಂಕಟಲಕ್ಷಮ್ಮ, ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ನರ್ತಿಸಿದರು, ಮುಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿದರು, 1992ರಲ್ಲಿ ಪದ್ಮಭೂಷಣ ಪಡೆದರು. ಸಂಸ್ಥಾನಕ್ಕೆ ಬೇಡವಾಗಿದ್ದು ನೃತ್ಯವಲ್ಲ, ಗುಡಿಗೆ ಅಂಟಿಕೊಂಡಿದ್ದ ಹೆಂಗಸರ ಆ ಬದುಕು ಎಂದೇ ಇದನ್ನು ಓದಬೇಕಾಗುತ್ತದೆ.

ಮದರಾಸಿನಲ್ಲಿ ಜಗಳ ಜೋರಾಗಿಯೇ ನಡೆಯಿತು. ಸ್ವತಃ ದೇವದಾಸಿ ಮನೆತನದ ತಾಯಿಯ ಮಗಳಾದ ಡಾ. ಮುತ್ತುಲಕ್ಷ್ಮಿ ರೆಡ್ಡಿ 1927ರಲ್ಲಿ ಶಾಸನಸಭೆಯಲ್ಲಿ ಈ ಪದ್ಧತಿಯ ವಿರುದ್ಧ ನಿರ್ಣಯ ತಂದರು. ಎದುರು ನಿಂತವರಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ ಒಬ್ಬರು. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ತಮ್ಮ ಗಳಿಕೆಯನ್ನೇ ಸುರಿದು ಗುಡಿ ಕಟ್ಟಿಸಿದ ಈ ಗಾಯಕಿಗೆ, ಕಲೆಯಿಂದ ಬದುಕುವವರನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗುವುದು ಒಪ್ಪಿಗೆಯಾಗಲಿಲ್ಲ. ಕಾಯ್ದೆ ಬಂದಿದ್ದು 1947ರಲ್ಲಿ. ಅಷ್ಟರೊಳಗೆ ನೃತ್ಯ ಬೇರೆ ದಾರಿ ಹಿಡಿದಾಗಿತ್ತು. ಇ. ಕೃಷ್ಣ ಅಯ್ಯರ್ ಮದರಾಸಿನ ಮ್ಯೂಸಿಕ್ ಅಕಾಡೆಮಿಯ ವೇದಿಕೆಗೆ ಅದನ್ನು ಹತ್ತಿಸಿದ್ದರು. ರುಕ್ಮಿಣಿ ದೇವಿ 1935ರಲ್ಲಿ ತಾವೇ ನರ್ತಿಸಿ, ಮರುವರ್ಷ ಕಲಾಕ್ಷೇತ್ರವನ್ನು ತೆರೆದಿದ್ದರು. ಇನ್ನು ಮೇಲೆ ಟಿಕೆಟ್ಟು, ಪರದೆ, ನಟರಾಜನ ವಿಗ್ರಹ ಎಲ್ಲವೂ ಸಭಾಭವನದ್ದೇ. ಗುಡಿಯನ್ನು ಬಿಟ್ಟು ಬಂದ ನೃತ್ಯ ವೇದಿಕೆಯ ಮೂಲೆಯಲ್ಲಿ ಒಂದು ಪುಟ್ಟ ಗುಡಿಯನ್ನು ಇಟ್ಟುಕೊಂಡಿತು.

ಗುಡಿಯ ಅಂಗಳಕ್ಕೆ ಮರಳುವ ಮಾತು ಬಂದಾಗ ಮುಂದೆ ನಿಂತದ್ದು ಸರ್ಕಾರ. ಖಜುರಾಹೊ ಉತ್ಸವ ಶುರುವಾಗಿದ್ದು 1975ರಲ್ಲಿ. ಮಿಥುನ ಶಿಲ್ಪಗಳಿಗಷ್ಟೇ ಹೆಸರಾಗಿದ್ದ ಸಣ್ಣ ಊರಿಗೆ, ಕುಟುಂಬ ಸಮೇತ ಹೋಗಿ ನಾಲ್ಕು ದಿನ ಇದ್ದು ಬರಲು ಒಂದು ಮರ್ಯಾದಸ್ಥ ನೆಪ ಸಿಕ್ಕಿತು. ಮೊದಲ ವರ್ಷಗಳಲ್ಲಿ ವೇದಿಕೆ ಪಶ್ಚಿಮ ಗುಂಪಿನ ದೇವಾಲಯಗಳ ಮಗ್ಗುಲಲ್ಲೇ ಇತ್ತು. ಸ್ಮಾರಕಗಳ ರಕ್ಷಣೆಯ ಪ್ರಶ್ನೆ ಎದ್ದ ಮೇಲೆ ಬೇಲಿಯಾಚೆಯ ಬಯಲಿಗೆ ಹೋಯಿತು. ದಶಕಗಳ ನಂತರ, 2021ರಲ್ಲಿ, ಮತ್ತೆ ಒಳಗೆ ಬಂತು.

ಈ ಹೊರಗೆ ಒಳಗೆ ಆಟದ ಹಿಂದೆ ಇರುವುದು ಸಂರಕ್ಷಿತ ಸ್ಮಾರಕಗಳ 1959ರ ನಿಯಮ. ಸಭೆ, ಔತಣಕೂಟ, ಮನರಂಜನೆಗೆ ಸ್ಮಾರಕವನ್ನು ಬಳಸಬೇಕಾದರೆ ಕೇಂದ್ರದಿಂದ ಲಿಖಿತ ಅನುಮತಿ ಬೇಕು. ರೂಢಿಯಲ್ಲಿರುವ ಧಾರ್ಮಿಕ ಆಚರಣೆಗೆ ಈ ಕಟ್ಟಳೆ ಇಲ್ಲ. ಪಟ್ಟದಕಲ್ಲಿನ ವಿರೂಪಾಕ್ಷನಿಗೆ ಇಂದಿಗೂ ಪೂಜೆ ನಡೆಯುತ್ತದೆ, ಅದಕ್ಕೆ ಯಾರೂ ಅರ್ಜಿ ಹಾಕುವುದಿಲ್ಲ. ಅದೇ ಅಂಗಳದಲ್ಲಿ ನೃತ್ಯ ಏರ್ಪಡಿಸಬೇಕೆಂದರೆ ಕಡತ ದೆಹಲಿಯತ್ತ ಹೊರಡಬೇಕು. ಒಂದು ಕಾಲಕ್ಕೆ ಪೂಜೆಯಂತೆಯೇ ದತ್ತಿ ಪಡೆಯುತ್ತಿದ್ದ ಸೇವೆ ಈಗ ಮನರಂಜನೆಯ ಕಂತೆಗೆ ಸೇರಿದೆ. ನಮ್ಮ ಹಂಪಿ ಉತ್ಸವ, ಚಾಲುಕ್ಯ ಉತ್ಸವಗಳಲ್ಲಿ ಸಿನಿಮಾ ಹಾಡಿನ ಅಬ್ಬರ ಕೇಳಿದವರಿಗೆ ನಿಯಮ ಬರೆದವರ ಮೇಲೆ ಅಷ್ಟೇನೂ ಸಿಟ್ಟು ಬರಲಿಕ್ಕಿಲ್ಲ.

ಚಿದಂಬರದ ರೀತಿ ಬೇರೆ. ಅಲ್ಲಿ ದೇವರೇ ನರ್ತಕ, ಗೋಪುರದ ದ್ವಾರಗಳಲ್ಲಿ ಕರಣಗಳ ಕೆತ್ತನೆ, ಗುಡಿಯ ಆಡಳಿತ ಅಲ್ಲಿನ ಅರ್ಚಕರಾದ ದೀಕ್ಷಿತರದು. 1981ರಿಂದ ಮಹಾಶಿವರಾತ್ರಿಯ ಹೊತ್ತಿಗೆ ನಾಟ್ಯಾಂಜಲಿ ನಡೆಯುತ್ತಿದೆ. ಹೆಸರು ಮಾಡಿದವರ ಜೊತೆಗೆ ಗೆಜ್ಜೆ ಕಟ್ಟಿ ಎರಡೇ ವರ್ಷವಾದ ಮಕ್ಕಳೂ ಸರದಿಗೆ ಕಾಯುತ್ತಾರೆ. ಬೆಂಗಳೂರಿನ ನೃತ್ಯಶಾಲೆಗಳೂ ತಂಡ ಕಟ್ಟಿಕೊಂಡು ಹೋಗುತ್ತವೆ. ಇಲ್ಲಿ ಸಲ್ಲಿಸುವ ನೃತ್ಯಕ್ಕೆ ಅಂಜಲಿ ಎಂಬ ಹೆಸರು ಒಪ್ಪುತ್ತದೆ.

ಒಡಿಶಾದ ಕೋನಾರ್ಕದಲ್ಲಿ ಡಿಸೆಂಬರ್ ಮೊದಲ ವಾರದ ಉತ್ಸವ 1989ರಲ್ಲಿ ಆರಂಭವಾಯಿತು. ಹದಿಮೂರನೆಯ ಶತಮಾನದಲ್ಲಿ ಒಂದನೆಯ ನರಸಿಂಹದೇವ ಕಟ್ಟಿಸಿದ ಸೂರ್ಯ ದೇಗುಲದ ಮೈತುಂಬ ನರ್ತಕಿಯರು, ಮದ್ದಳೆಯವರು. 1950ರ ದಶಕದಲ್ಲಿ ಒಡಿಸ್ಸಿಯನ್ನು ಮತ್ತೆ ಕಟ್ಟುವಾಗ ಗುರುಗಳು ಇಂಥ ಶಿಲ್ಪಗಳನ್ನೂ, ಹುಡುಗರು ಹೆಣ್ಣುವೇಷದಲ್ಲಿ ಕುಣಿಯುವ ಗೋಟಿಪುವವನ್ನೂ, ಪುರಿಯ ಜಗನ್ನಾಥನ ದೇವದಾಸಿಯರಾದ ಮಹರಿಯರ ಅಭಿನಯವನ್ನೂ ಆಧಾರವಾಗಿ ಹಿಡಿದರು. ಗೋಟಿಪುವದಿಂದ ಬಂದ ಕೇಳುಚರಣ ಮಹಾಪಾತ್ರ ಜಗದ್ವಿಖ್ಯಾತರಾದರು. ಅವರ ಶಿಷ್ಯೆ ಪ್ರೊತಿಮಾ ಬೇಡಿ 1990ರಲ್ಲಿ ಬೆಂಗಳೂರಿನ ಹೆಸರಘಟ್ಟದ ಬಳಿ ನೃತ್ಯಗ್ರಾಮ ಕಟ್ಟಿದರು. ಕನ್ನಡ ನೆಲದಲ್ಲಿ ಪಳಗಿದ ಒಡಿಸ್ಸಿ ಅಲ್ಲಿಂದ ದೇಶವಿದೇಶಗಳ ವೇದಿಕೆಗಳಿಗೆ ಹೋಯಿತು. ಮಹರಿಯರ ಸಾಲು ಮಾತ್ರ ಬೆಳೆಯಲಿಲ್ಲ. ಕೊನೆಯ ಮಹರಿ ಎಂದು ಹೆಸರಾಗಿದ್ದ ಶಶಿಮಣಿ ದೇವಿ 2015ರ ಮಾರ್ಚ್‌ನಲ್ಲಿ ಪುರಿಯಲ್ಲಿ ತೀರಿಕೊಂಡರು. ಆ ವರ್ಷದ ಡಿಸೆಂಬರ್‌ನಲ್ಲೂ ಕೋನಾರ್ಕದ ಉತ್ಸವ ನಡೆಯಿತು.