ಮಂಜುಗಡ್ಡೆಯ ಮೇಲೊಬ್ಬ ದ್ರೋಣಾಚಾರ್ಯೆ

ಸ್ಕೇಟ್ಸ್ ಕಟ್ಟಿಕೊಂಡು ಮಂಜುಗಡ್ಡೆಯ ಮೇಲೆ ಜೋಡಿಯಾಗಿ ಕುಣಿಯೋದೇ ಐಸ್ ಡಾನ್ಸ್. ಒಲಿಂಪಿಕ್ಸ್‌ಗೆ ಇದು ಸೇರಿದ್ದು 1976ರಲ್ಲಿ. ಇಲ್ಲಿ ಜೊತೆಗಾರ್ತಿಯನ್ನು ಎತ್ತಬಹುದು, ಆದ್ರೆ ಗಾಳಿಗೆ ಎಸೆಯೋ ಹಾಗಿಲ್ಲ. ಹಾಗಾಗಿ ನೋಡೋರಿಗೆ ಸಲೀಸು ಅನ್ಸುತ್ತೆ!

ಎಷ್ಟು ಸಲೀಸು ಅಂತ ಕೆನಡಾದ ಮೇರಿ-ಫ್ರಾನ್ಸ್ ಡುಬ್ರೆಯ್ ಅವರನ್ನು ಕೇಳಬೇಕು. 2006ರ ಟ್ಯೂರಿನ್ ಒಲಿಂಪಿಕ್ಸ್‌ನಲ್ಲಿ ಲಿಫ್ಟ್ ಮಾಡುವಾಗ ಹಿಡಿತ ತಪ್ಪಿ ಆಕೆ ಜೋರಾಗಿ ಬಿದ್ದರು. ಜೊತೆಗಾರ ಪ್ಯಾಟ್ರಿಸ್ ಲೋಜಾನ್ ಎತ್ತಿಕೊಂಡೇ ಹೊರಗೆ ಕರೆತಂದರು. ಕೊನೆಯ ಸುತ್ತಿಗೆ ಇಳಿಯೋಕೆ ಆಗಲೇ ಇಲ್ಲ. ಮುಂದಿನ ತಿಂಗಳೇ ಕ್ಯಾಲ್ಗರಿಯ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಬೆಳ್ಳಿ, 2007ರಲ್ಲಿ ಟೋಕಿಯೋದಲ್ಲಿ ಮತ್ತೊಂದು ಬೆಳ್ಳಿ. ಒಲಿಂಪಿಕ್ ಪದಕ ಮಾತ್ರ ಕೊನೆಗೂ ಸಿಗಲಿಲ್ಲ.

ಆಮೇಲೆ ಇಬ್ಬರೂ ಮಾಂಟ್ರಿಯಲ್‌ನಲ್ಲಿ ಕೋಚ್ ಆದರು. ಅವರ ಹತ್ತಿರ ಪಳಗಿದ ಫ್ರಾನ್ಸಿನ ಪಾಪಡಾಕಿಸ್-ಸಿಜೆರಾನ್ ಜೋಡಿ 2015, 2016ರಲ್ಲಿ ವಿಶ್ವ ಚಾಂಪಿಯನ್ ಆಯ್ತು. ಅದೇ 2016ರಲ್ಲಿ, ನಿವೃತ್ತಿಯಂತಿದ್ದ ಕೆನಡಾದ ವರ್ಚ್ಯೂ-ಮೊಯಿರ್ ಜೋಡಿಯೂ ಇವರ ಹತ್ತಿರವೇ ಕಲಿಯೋಕೆ ಬಂತು.

ಅರ್ಜುನನಿಗೆ ಸಾಟಿ ಇರಬಾರದು ಅಂತ ದ್ರೋಣರು ಏಕಲವ್ಯನ ಬೆರಳನ್ನೇ ಕೇಳಿದರು ತಾನೆ? ಇಲ್ಲಿ ಗುರುಗಳು ಸಾಟಿಯನ್ನೇ ಗರಡಿಗೆ ಸೇರಿಸಿಕೊಂಡರು!

2018, ಪಿಯಾಂಗ್‌ಚಾಂಗ್ ಒಲಿಂಪಿಕ್ಸ್. ವರ್ಚ್ಯೂ-ಮೊಯಿರ್ 206.07, ಪಾಪಡಾಕಿಸ್-ಸಿಜೆರಾನ್ 205.28. ಚಿನ್ನ, ಬೆಳ್ಳಿ ಎರಡೂ ಒಂದೇ ಗರಡಿಗೆ, ಅಂತರ ಬರೀ 0.79. ಒಬ್ಬರನ್ನು ಅಭಿನಂದಿಸಿ, ಅದೇ ಗಳಿಗೆಯಲ್ಲಿ ಇನ್ನೊಬ್ಬರನ್ನು ಸಮಾಧಾನ ಮಾಡೋದು ಎಂಥಾ ಕೆಲಸ ನೋಡಿ.. ಬೆಳ್ಳಿ ಗೆದ್ದ ಫ್ರೆಂಚ್ ಜೋಡಿ ಗುರುಗಳನ್ನು ಬಿಟ್ಟು ಹೋಗಲಿಲ್ಲ. 2022ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಅವರದಾಯ್ತು.

ತನಗೆ ಸಿಗದ ಪದಕವನ್ನು ಶಿಷ್ಯರಿಗೆ ಕೊಡಿಸೋದು ದೊಡ್ಡದೇ. ಆದ್ರೆ ಸೋತ ಶಿಷ್ಯರ ನಂಬಿಕೆ ಉಳಿಸಿಕೊಳ್ಳೋದು ಅದಕ್ಕಿಂತ ದೊಡ್ಡದು ಅಂತ ನನಗನ್ಸುತ್ತೆ. ನೀವೇನಂತೀರಿ?